ಅಳಿಸಿಹೋದ ಭಾವ, ಉಳಿದುಕೊಂಡ ಡ್ರಮ್ಮು

ರಾಮದುರ್ಗದ ತ್ರ್ಯಂಬಕರಾಯರಿಗೆ ಹೆಬ್ಬೆರಳನ್ನು ಕಂಡರೆ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಟೈಪಿಂಗ್ ಕ್ಲಾಸು ನಡೆಸಿದವರು ಅವರು. ತಾಲೂಕಿನ ಅರ್ಧಕ್ಕರ್ಧ ಗುಮಾಸ್ತರಿಗೆ ಎಂಟು ಬೆರಳುಗಳ ಸದುಪಯೋಗ ಕಲಿಸಿದ್ದರು. ಅವರ ಶಾಸ್ತ್ರದಲ್ಲಿ ಹೆಬ್ಬೆರಳಿಗೆ ಇದ್ದದ್ದು ಒಂದೇ ಕೆಲಸ, ಎರಡು ಶಬ್ದಗಳ ನಡುವೆ ಜಾಗ ಬಿಡುವುದು. ಅಂಥ ಬೆರಳಿನಿಂದ ಊರಿಗೆ ಊರೇ ಮೊಬೈಲು ತಿಕ್ಕುತ್ತ ಕೂತದ್ದು ನೋಡಿ ಅವರ ಹೊಟ್ಟೆ ಉರಿಯುತ್ತಿತ್ತು.

"ಹಿಂದಕ ಸಾಲಿ ಕಲೀದವರು ಹೆಬ್ಬೆಟ್ಟು ಒತ್ತತಿದ್ರು. ಈಗ ಎಂ.ಎ. ಆದವರೂ ಹೆಬ್ಬೆಟ್ಟ ಒತ್ತತಾರ. ದೇಶ ಭಾಳ ಮುಂದ ಹೋಗೇದ!" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಒಂದು ಹೆಬ್ಬೆರಳಿನಿಂದ ಮೊಬೈಲು ಸರಿಸುತ್ತಲೇ "ಖರೆ, ಖರೆ" ಎನ್ನುತ್ತಿದ್ದರು.

ಕ್ಲಾಸು ಮುಚ್ಚಿ ಎಂಟು ವರ್ಷವಾಗಿದ್ದರೂ ಬಾಗಿಲ ಮೇಲಿನ ಬೋರ್ಡು ಇಳಿದಿರಲಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರು ಉಳಿದಿತ್ತು. ಅದಕ್ಕೆ ಹೆಂಡತಿ ವನಮಾಲಾಬಾಯಿಯ ಹಳೆಯ ಇಳಕಲ್ ಸೀರೆಯ ಹೊದಿಕೆ. ರಾಯರು ದಿನಾ ಸ್ನಾನ, ಪೂಜೆ ಮುಗಿಸಿ, ಸೀರೆ ಸರಿಸಿ ಅದನ್ನು ಚಾಲೂ ಮಾಡುತ್ತಿದ್ದರು. ಅದು ಪೂರ್ತಿ ಎಚ್ಚರಾಗುವಷ್ಟರಲ್ಲಿ ಪೇಪರು ಓದಿ ಮುಗಿದಿರುತ್ತಿತ್ತು.

ಹೀಗಿರುವಾಗ ಅವರ ಒಬ್ಬಳೇ ಮಗಳು ಗೌತಮಿಯ ನಿಶ್ಚಿತಾರ್ಥ ಮನೆಯ ಮುಂದೆ ಹಂದರ ಹಾಕಿ ಸಾಂಗವಾಗಿ ನಡೆಯಿತು. ಗೌತಮಿ ಊರಿನ ಕಾಲೇಜಿನಲ್ಲಿ ಪಾಠ ಹೇಳುವವಳು. ಗಂಡು ಬೈಲಹೊಂಗಲದ ಅಭಯ. ಸಂಬಂಧ ಕೂಡಿಸಿದವರು ರಾಯರ ಅಕ್ಕ ಇಂದಿರಾಬಾಯಿಯ ಯಜಮಾನರು, ಭಾವ ಶ್ರೀಪಾದರಾಯರು. ಬೈಲಹೊಂಗಲದಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದ ಈ ಭಾವನ ಮನಸ್ಸು ಬೆಣ್ಣೆ, ಮಾನ ಮಾತ್ರ ಗಾಜು. ಹಿಂದೊಮ್ಮೆ ಯಾರದೋ ಮುಂಜಿವೆಯ ಆಮಂತ್ರಣದಲ್ಲಿ ಹೆಸರಿನ ಮುಂದೆ 'ಶ್ರೀ' ಬಿಟ್ಟುಹೋಯಿತೆಂದು ಆ ಮನೆಯ ನೀರನ್ನು ನಾಲ್ಕು ವರ್ಷ ಮುಟ್ಟಿರಲಿಲ್ಲ. ಶ್ರೀಪಾದ ಎಂಬುದರಲ್ಲೇ ಒಂದು ಶ್ರೀ ಇದೆಯಲ್ಲ ಎಂದು ಅಚ್ಚಿನವನು ಉಳಿತಾಯ ಮಾಡಿದ್ದನಂತೆ.

ನಿಶ್ಚಿತಾರ್ಥದ ದಿನ ಎರಡೂ ಕಡೆಯವರನ್ನು ಸಾಲಾಗಿ ನಿಲ್ಲಿಸಿ ಗೌತಮಿಯ ಗೆಳತಿ ಒಂದು ಫೋಟೋ ತೆಗೆದಳು. ಎಲ್ಲರೂ ಕಣ್ಣು ತೆರೆದಿದ್ದರು, ಅಷ್ಟರಮಟ್ಟಿಗೆ ಅದು ಉತ್ತಮ ಫೋಟೋ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಬೀಗರಿಗೆ ಕೊಡಬೇಕೆಂದು ರಾಯರ ಆಸೆ. ಆದರೆ ಬಲಗಡೆಯ ತುದಿಗೆ ನೀರು ತುಂಬಿದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅದೂ ಬೀಗರ ಪೈಕಿಯೇ ಎನ್ನುವ ಹಾಗೆ ಠೀವಿಯಿಂದ ನಿಂತುಬಿಟ್ಟಿತ್ತು. ಅದರ ಪಕ್ಕದಲ್ಲಿ ನೀಲಿ ಸಫಾರಿ ತೊಟ್ಟ ಭಾವ.

"ಕೊಡ್ರಿ ಅಪ್ಪಾ, ನನ್ನ ಮೊಬೈಲ್‌ನಾಗ ಒಂದು ಆ್ಯಪ್ ಅದ," ಎಂದಳು ಗೌತಮಿ. "ಬ್ಯಾಡಾದದ್ದರ ಮ್ಯಾಲೆ ಬೆರಳು ತಿಕ್ಕಿದ್ರ ಅಳಿಸಿ ಹೋಗ್ತದ. ಎರಡ ಮಿನಿಟು."

"ಯಾವ ಬೆರಳು?"

"ಹೆಬ್ಬೆರಳು."

ಅಲ್ಲಿಗೆ ಮಾತು ಮುಗಿಯಿತು. ಮಗಳ ನಿಶ್ಚಿತಾರ್ಥದ ಫೋಟೋ ಹೆಬ್ಬೆಟ್ಟಿನಿಂದ ತಿದ್ದಿಸಿಕೊಳ್ಳುವ ಗತಿ ತಮ್ಮ ಮನೆತನಕ್ಕೆ ಇನ್ನೂ ಬಂದಿಲ್ಲವೆಂದು ರಾಯರು ಸಾರಿದರು. ಅದೇ ಆ್ಯಪನ್ನು ತಾವು ಕಂಪ್ಯೂಟರಿನ ಮೇಲೆ ನಡೆಸುವುದಾಗಿಯೂ ಸಾರಿದರು.

"ಅದು ಮೊಬೈಲಿಂದು ಅಪ್ಪಾ. ಕಂಪ್ಯೂಟರ್‌ನಾಗ ಹಂಗ ಓಡೂದಿಲ್ಲ, ಎಮ್ಯುಲೇಟರ್ ಹಾಕಬೇಕಾಗ್ತದ. ನಮ್ಮ ಕಂಪ್ಯೂಟರಿಗೆ ಅಷ್ಟು ಶಕ್ತಿ ಇಲ್ಲ."

"ಶಕ್ತಿ ನನಗದ," ಎಂದರು ರಾಯರು.

ಎಮ್ಯುಲೇಟರ್ ಎಂದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಹುಸಿ ಮೊಬೈಲು ಹುಟ್ಟಿಸುವ ತಂತ್ರಾಂಶ. ಆ ಗರ್ಭಧಾರಣೆಗೆ ಒಂದೂವರೆ ದಿನ ಹಿಡಿಯಿತು. ಯಂತ್ರ ಬಿಸಿಯಾಯಿತು, ನರಳಿತು, ರಾಯರು ಟೇಬಲ್ ಫ್ಯಾನು ತಂದು ಅದರ ಬೆನ್ನಿಗೆ ಗಾಳಿ ಹಾಕಿದರು. ಎರಡನೆಯ ದಿನ ಮಧ್ಯಾಹ್ನ ಆ ದೊಡ್ಡ ಪರದೆಯ ಮೇಲೆ ಮೊಬೈಲು ಅವತರಿಸಿತು. ನಡುವೆ ಅಂಗೈಯಗಲದ ಚಿತ್ರ, ಎರಡೂ ಬದಿಗೆ ಗಾಢಾಂಧಕಾರ. ಗೌತಮಿಯ ಮೊಬೈಲಿನಲ್ಲಿ ಕಾಣುತ್ತಿದ್ದಷ್ಟೇ ದೊಡ್ಡದಾಗಿ ಇಲ್ಲಿಯೂ ಕಂಡಿತು. ಆದರೆ ತತ್ವ ಉಳಿಯಿತಲ್ಲ!

ಆ್ಯಪು ತೆರೆದಾಗ ಹುಸಿ ಮೊಬೈಲು ಅಡ್ಡ ಮಲಗಿತು. ಪರದೆ ತುಂಬಿತು ನಿಜ, ಆದರೆ ಫೋಟೋದೊಳಗಿನ ಜನರೆಲ್ಲ ಗೋಡೆಗೆ ಕಾಲು ಕೊಟ್ಟು ಮಲಗಿದಂತೆ ಅಡ್ಡಡ್ಡ ಕಂಡರು. ಅದನ್ನು ನೆಟ್ಟಗೆ ಮಾಡುವ ಗುಂಡಿ ಎಲ್ಲಿದೆಯೋ ರಾಯರಿಗೆ ಸಿಗಲಿಲ್ಲ. ಅವರು ಮಾನಿಟರನ್ನೇ ಎತ್ತಿ ಮಗ್ಗುಲಾಗಿ ಮಲಗಿಸಿ, ಉರುಳದಂತೆ ಎರಡೂ ಕಡೆ ಲೋಡುದಿಂಬು ಆನಿಸಿದರು. ಎಲ್ಲರೂ ಎದ್ದು ನಿಂತರು.

ಅಷ್ಟರಲ್ಲಿ ಪಕ್ಕದ ಮನೆಯ ಸಿದ್ದಲಿಂಗವ್ವ ಒಯ್ದಿದ್ದ ಡಬ್ಬಿ ತಿರುಗಿ ಕೊಡಲು ಬಂದಳು. ಬಾಗಿಲಲ್ಲೇ ನಿಂತು, ಲೋಡಿನ ನಡುವೆ ಮಲಗಿದ ಮಾನಿಟರು, ಅದಕ್ಕೆ ಬೀಸುತ್ತಿದ್ದ ಫ್ಯಾನು, ಪಕ್ಕದಲ್ಲಿ ಕಳವಳದಿಂದ ಕೂತ ರಾಯರು, ಎಲ್ಲವನ್ನೂ ನೋಡಿದಳು.

"ಯಾಕ್ರೀ ಸರ, ಕಂಪ್ಯೂಟರಿಗೆ ಆರಾಮ ಇಲ್ಲೇನ್ರಿ?"

"ಆರಾಮ ಅದ ಸಿದ್ದಲಿಂಗವ್ವ. ಕೆಲಸ ನಡದದ."

"ಮಕ್ಕೊಂಡ ಮಾಡೂ ಕೆಲಸ ಆದ್ರ ಚಲೋ ಬಿಡ್ರಿ," ಎಂದು ಆಕೆ ಡಬ್ಬಿ ಇಟ್ಟು ಹೋದಳು. ಹೋಗುವಾಗ ವನಮಾಲಾಬಾಯಿಯ ಕಡೆ ನೋಡಿದ ನೋಟದಲ್ಲಿ ಬಹಳ ಮರುಕವಿತ್ತು.

ಮಾನಿಟರು ಮಲಗಿತ್ತೇ ಹೊರತು ಮೌಸಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮೇಲೆ ಸರಿಸಿದರೆ ಬಾಣ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಸರಿಸಿದರೆ ಮೇಲೆ ಏರುತ್ತಿತ್ತು. ಕುತ್ತಿಗೆ ಓರೆ ಮಾಡಿ, ನಾಲಗೆ ಹೊರಗೆ ಹಾಕಿ, ಮುಕ್ಕಾಲು ತಾಸು ಹೆಣಗಿದ ಮೇಲೆ ರಾಯರು ನೀಲಿಯ ಸುತ್ತ ಒಂದು ಗೆರೆ ಎಳೆದು, 'ಅಳಿಸು' ಎಂಬ ಕಡೆ ಒತ್ತಿದರು. ಯಂತ್ರ ಒಂದು ಉಸಿರು ಬಿಟ್ಟಿತು. ನೀಲಿ ಮಾಯವಾಯಿತು. ಅದು ಇದ್ದ ಜಾಗದಲ್ಲಿ ಯಾರಿಗೂ ಸಂಶಯ ಬರದಂತೆ ಸುಣ್ಣದ ಗೋಡೆ ತುಂಬಿತು.

ಚಾಳೀಸಿನ ಕನ್ನಡಕ ರಾಯರ ಹಣೆಯ ಮೇಲಿತ್ತು. ಮೊದಲು ಎರಡು ನೀಲಿ ಇದ್ದವು, ಈಗ ಒಂದು ಇದೆ, ಲೆಕ್ಕ ಸರಿಹೋಯಿತು ಎಂದುಕೊಂಡರು. ವನಮಾಲಾಬಾಯಿ "ತಾಟು ಹಾಕೀನಿ, ಆರತದ" ಎಂದು ಎರಡನೆಯ ಸಲ ಕೂಗುತ್ತಿದ್ದಳು. ರಾಯರು ಆ ಫೋಟೋವನ್ನು ಎರಡೂ ಮನೆತನದ ಅರವತ್ತೆರಡು ಜನರಿದ್ದ ವಾಟ್ಸಾಪ್ ಗುಂಪಿಗೆ ಕಳಿಸಿದರು. ಕೆಳಗೆ, ಎಂಟೂ ಬೆರಳು ಉಪಯೋಗಿಸಿ, ಒಂದೂ ತಪ್ಪಿಲ್ಲದೆ ಹೀಗೆ ಟೈಪು ಮಾಡಿದರು:

"ಬಂಧುಗಳೇ, ನಮ್ಮ ನಡುವೆ ಅಡ್ಡ ನಿಂತು ಶುಭಕಾರ್ಯದ ಅಂದ ಕೆಡಿಸಿದ್ದನ್ನು ಸ್ವತಃ ನಾನೇ ತೆಗೆದು ಹಾಕಿದ್ದೇನೆ. ಪೀಡೆ ತೊಲಗಿತು. ಈಗ ನೋಡಿರಿ, ಎಷ್ಟು ಪ್ರಶಸ್ತವಾಗಿದೆ!"

ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹುಬ್ಬಳ್ಳಿಯ ಯಾರೋ ಚಪ್ಪಾಳೆಯ ಚಿತ್ರ ಹಾಕಿದ್ದರು. ಮತ್ತೊಬ್ಬರು "ಇಷ್ಟು ಧೈರ್ಯ ನಿಮಗಿದೆ ಅಂತ ಗೊತ್ತಿರಲಿಲ್ಲ" ಎಂದು ಬರೆದಿದ್ದರು. ರಾಯರು ಹಿಗ್ಗಿದರು. ಅದರ ಕೆಳಗೆ ಒಂದು ಸಣ್ಣ ಸಾಲು ಇತ್ತು. ಶ್ರೀಪಾದರಾಯರು ಗುಂಪು ಬಿಟ್ಟು ಹೋಗಿದ್ದರು. ಅಡಿಕೆ ಬಾಯಿಗೆ ಹಾಕಿಕೊಳ್ಳುವ ಮೊದಲೇ ಅಕ್ಕನ ಫೋನು ಬಂತು.

"ತ್ರ್ಯಂಬ್ಯಾ, ನಿಮ್ಮ ಭಾವ ನಿನಗ ಪೀಡಾ ಆದ್ರೇನೋ?"

"ಯಾರಂದ್ರು ಅಕ್ಕಾ?"

"ನೀನ ಬರದೀಯಲ್ಲೋ! ಅರವತ್ತೆರಡು ಮಂದಿ ಓದ್ಯಾರ."

"ಅದು ನೀರಿನ ಡ್ರಮ್ಮಿಗೆ ಅಂದದ್ದು!"

"ಡ್ರಮ್ಮು ಫೋಟೋದಾಗ ಗಟ್ಟಿ ನಿಂತದ. ನನ್ನ ಗಂಡ ಎಲ್ಲಿದ್ದಾರ, ತೋರ್ಸು."

ರಾಯರು ಚಾಳೀಸು ಇಳಿಸಿ ನೋಡಿದರು. ಡ್ರಮ್ಮು ಗಟ್ಟಿ ನಿಂತಿತ್ತು. ಭಾವನಿದ್ದಲ್ಲಿ ಸುಣ್ಣದ ಗೋಡೆ ಇತ್ತು. ಗೋಡೆಯ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು.

"ಮಧ್ಯಸ್ತಿಕೆ ಮಾಡಿದವರನ್ನ ತಗದು ಒಗದ್ರಿ. ಅವರು ಮದುವೀಗೆ ಬರೂದಿಲ್ಲಂತ," ಎಂದು ಅಕ್ಕ ಫೋನು ಇಟ್ಟಳು.

ಆಗ ಮೂಲ ಫೋಟೋವನ್ನು ಕಳಿಸಿ, ತಪ್ಪಾಯಿತು ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ವನಮಾಲಾಬಾಯಿ ಅದನ್ನೇ ಹೇಳಿದಳು. ಆದರೆ ಹಾಗೆ ಕಳಿಸಿದರೆ ಡ್ರಮ್ಮು ಹಾಗೇ ಉಳಿಯುತ್ತದೆ, ತ್ರ್ಯಂಬಕರಾಯರಿಗೆ ಕೆಲಸ ಬರುವುದಿಲ್ಲವೆಂದು ಅರವತ್ತೆರಡು ಮಂದಿಗೆ ತಿಳಿಯುತ್ತದೆ. ಮೂಲ ಫೋಟೋದಿಂದ ಭಾವನನ್ನು ಕತ್ತರಿಸಿ ತಂದು ಕೂಡಿಸುವುದು, ಡ್ರಮ್ಮನ್ನು ತೆಗೆಯುವುದು, ಗೌತಮಿ ಕಾಲೇಜಿನಿಂದ ಐದಕ್ಕೆ ಬರುವುದರೊಳಗೆ ಎರಡೂ ಮುಗಿಸುವುದು ಎಂದು ರಾಯರು ನಿಶ್ಚಯಿಸಿದರು.

ಕತ್ತರಿಸುವಾಗ ಆ್ಯಪಿಗೆ ಭಾವನ ತಲೆ ಮಾತ್ರ ಇಷ್ಟವಾಯಿತು. ಮೈಯನ್ನು ಅದು ಬಿಟ್ಟುಕೊಟ್ಟು, ಕಿವಿ ಸಮೇತ ತಲೆಯನ್ನು ಎತ್ತಿಕೊಂಡಿತು. ಆ ತಲೆ ಹೊಸ ಫೋಟೋದಲ್ಲಿ ಎತ್ತಿನಗಾಡಿಯ ಗಾಲಿಯಷ್ಟು ದೊಡ್ಡದಾಗಿ ಬಂದು ಕೂತಿತು. ಚಿಕ್ಕದು ಮಾಡಬೇಕಾದರೆ ಎರಡು ಬೆರಳಿನಿಂದ ಚಿವುಟಿರಿ ಎಂದು ಆ್ಯಪು ಸೂಚಿಸಿತು. ಮೌಸಿಗೆ ಇದ್ದದ್ದು ಒಂದೇ ಬಾಣ. ರಾಯರು ಮಾನಿಟರಿನ ಗಾಜನ್ನೇ ಚಿವುಟಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

"ಆಗಲೇ ಚಿವುಟಿದ್ದು ಅವರಿಗೆ ಸಾಕಾಗಿಲ್ಲೇನ್ರಿ?" ಎಂದಳು ವನಮಾಲಾಬಾಯಿ.

ಹೇಗೋ ತಡಕಾಡಿ, ಕೀಲಿಮಣೆಯ ಯಾವುದೋ ಗುಂಡಿ ಹಿಡಿದು ಮೌಸಿನ ಗಾಲಿ ತಿರುಗಿಸಿದಾಗ ತಲೆ ಸರಿಯಾದ ಅಳತೆಗೆ ಬಂತು. ಅದನ್ನು ಎಲ್ಲಾದರೂ ಒಂದು ಕಡೆ ಇಟ್ಟು ಮೈಯನ್ನು ತರಬೇಕಿತ್ತು. ತಾತ್ಕಾಲಿಕವಾಗಿ ರಾಯರು ಅದನ್ನು ಡ್ರಮ್ಮಿನ ಮೇಲೆ ಇಟ್ಟರು. ಅಷ್ಟಕ್ಕೆ ಯಂತ್ರದ ಶಕ್ತಿ ಮುಗಿಯಿತು. ಬಾಣ ನಿಂತಿತು, ಗುಂಡಿ ನಿಂತಿತು, ಫ್ಯಾನು ಮಾತ್ರ ತಿರುಗುತ್ತಿತ್ತು. ರಾಯರು ಕಂಡ ಕಂಡ ಕಡೆಯೆಲ್ಲ ಹತ್ತಿಪ್ಪತ್ತು ಸಲ ಒತ್ತಿ, ಬೇಸತ್ತು, ಚಹಾ ಕುಡಿಯಲು ಒಳಗೆ ಹೋದರು.

ಅವರು ಮರೆತರು, ಯಂತ್ರ ಮರೆಯಲಿಲ್ಲ. ಐದು ನಿಮಿಷದ ಮೇಲೆ ಎಚ್ಚರಾಗಿ, ಅವರು ಒತ್ತಿದ್ದನ್ನೆಲ್ಲ ಒಂದಾದ ಮೇಲೊಂದರಂತೆ ಶಿರಸಾವಹಿಸಿ ನಡೆಸಿತು. ಉಳಿಸಿತು, ಹಂಚಿತು, ಹಂಚಲೇಬೇಕೆ ಎಂದು ಕೇಳಿದ್ದಕ್ಕೆ ಹೌದೆಂದು ತಾನೇ ಹೇಳಿಕೊಂಡಿತು. ಬಸಿಗೆ ಚಹಾ ಸುರಿದು ಆರಿಸಿಕೊಳ್ಳುತ್ತಿದ್ದ ರಾಯರ ಮೊಬೈಲು ಕಿಣಿಗುಟ್ಟಿತು. ಗುಂಪಿನಲ್ಲಿ ಹೊಸ ಫೋಟೋ ಬಂದಿತ್ತು. ನೀಲಿ ಡ್ರಮ್ಮು, ಅದರ ಮೇಲೆ ಮುಚ್ಚಳದಂತೆ ಕೂತು ಮುಗುಳ್ನಗುತ್ತಿದ್ದ ಭಾವನ ತಲೆ.

ರಾಯರು ಬಸಿ ಕೆಳಗಿಟ್ಟರು. ಅಳಿಸಲು ಹೋದರೆ ಮೊಬೈಲು ಎರಡು ದಾರಿ ತೋರಿಸಿತು, ಎಲ್ಲರಲ್ಲೂ ಅಳಿಸಲೋ, ನಿಮ್ಮಲ್ಲಿ ಮಾತ್ರ ಅಳಿಸಲೋ? ಮಂದಿಯ ಫೋನಿನೊಳಗೆ ಕೈ ಹಾಕಲು ನಾವು ಯಾರು ಎಂಬ ಸಭ್ಯತೆಯಿಂದ ಅವರು ಎರಡನೆಯದನ್ನು ಒತ್ತಿದರು. ಆ ಫೋಟೋ ಈಗ ಅವರೊಬ್ಬರನ್ನು ಬಿಟ್ಟು ಎಲ್ಲರ ಹತ್ತಿರವೂ ಇತ್ತು.

ನಾಲ್ಕೂವರೆಗೆ ಬೀಗರ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. "ರಾಯರ, ನೀವು ತಪ್ಪು ತಿಳೀಬ್ಯಾಡ್ರಿ. ನಮ್ಮ ಅವ್ವ ಆ ಫೋಟೋ ನೋಡಿ ಊಟ ಬಿಟ್ಟು ಕೂತಾರ. ಮೈ ಇಲ್ಲದ ಬರೇ ತಲಿ ಅಂದ್ರ ರಾಹು ಅಂತಾರ. ನಿಶ್ಚಯದ ಫೋಟೋದಾಗ ರಾಹು ಬಂದು ಕೂತ ಮ್ಯಾಲೆ ಮುಹೂರ್ತ ಮುಂದ ಹಾಕಬೇಕಂತ ಹಟಾ ಹಿಡದಾರ."

ಮದುವೆಗೆ ಹತ್ತೊಂಬತ್ತು ದಿನವಿತ್ತು. ಕಲ್ಯಾಣಮಂಟಪ ಗೊತ್ತಾಗಿತ್ತು, ಪತ್ರಿಕೆ ಹಂಚಿಯಾಗಿತ್ತು.

ಐದಕ್ಕೆ ಗೌತಮಿ ಬಂದಳು. ಅವಳು ಕೂಗಾಡಿದ್ದರೆ ರಾಯರಿಗೆ ಹಗುರಾಗುತ್ತಿತ್ತು. ಅವಳು ಚಪ್ಪಲಿ ಬಿಟ್ಟು, ನೇರ ಮುಂದಿನ ಕೋಣೆಗೆ ಹೋಗಿ, ಮೌಸಿನ ವಾಯರು ಕಿತ್ತು, ಸುತ್ತಿ, ತನ್ನ ಚೀಲದಲ್ಲಿ ಹಾಕಿಕೊಂಡಳು.

"ಅಭಯ ನಗಲಿಕ್ಕೆ ಹತ್ತ್ಯಾನ ಅಪ್ಪಾ. ಅವರಜ್ಜಿ ನಗವಲ್ರು," ಎಂದಳು. ಚೀಲದ ಜಿಪ್ಪು ಎಳೆದಳು. "ಏನೂ ಕಳಸಬ್ಯಾಡ್ರಿ. ನಾಳೆ ಮುಂಜಾನೆ ನೀವ ಹೋಗಿ ಬರ್ರಿ."

ಮರುದಿನ ಮುಂಜಾನೆ ಗಂಡ ಹೆಂಡತಿ ಬಸ್ಸು ಹಿಡಿದರು. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿನ ನಿಲ್ದಾಣದಲ್ಲಿ ಅಪರಿಚಿತರೊಬ್ಬರು ರಾಯರನ್ನು ದಿಟ್ಟಿಸಿ ನೋಡಿ, ಹತ್ತಿರ ಬಂದು, "ನೀವ ಅಲ್ಲೇನ್ರಿ, ಡ್ರಮ್ಮಿನ ಫೋಟೋದವರು?" ಎಂದು ಕೇಳಿದರು. ಅವರ ಬೀಗರ ಬೀಗರು ಆ ಗುಂಪಿನಲ್ಲಿದ್ದರಂತೆ. "ಭಾಳ ಕೈಚಳಕ ಬಿಡ್ರಿ," ಎಂದು ಹೊಗಳಿ, ಜೊತೆಯಲ್ಲಿದ್ದ ಹೆಂಡತಿಯನ್ನು ಕರೆದು ತೋರಿಸಿದರು. ಬಸ್ಸು ಬೈಲಹೊಂಗಲ ಮುಟ್ಟುವವರೆಗೂ ರಾಯರು ಮುಖಕ್ಕೆ ಪೇಪರು ಹಿಡಿದು ಕೂತರು. ಅದು ಹಿಂದಿನ ದಿನದ್ದು ಎಂದು ವನಮಾಲಾಬಾಯಿಗೆ ಗೊತ್ತಿತ್ತು, ಹೇಳಲಿಲ್ಲ.

ಭಾವನ ಮನೆಯಲ್ಲಿ ಪಡಸಾಲೆಯ ತೂಗುಮಂಚದ ಮೇಲೆ ಶ್ರೀಪಾದರಾಯರು ಗೋಡೆಗೆ ಮುಖ ಮಾಡಿ ಕೂತಿದ್ದರು. ಕೆಳಗೆ ಚಾಪೆಯ ಮೇಲೆ ಅಭಯನ ಅಜ್ಜಿ ಅಂಬಾಬಾಯಿ, ಎರಡು ಓಣಿ ದಾಟಿ ಬಂದು, ಮುಹೂರ್ತದ ಮಾತಿಗಾಗಿ ಪಂಚಾಂಗ ಹಿಡಿದು ಕೂತಿದ್ದರು.

"ಭಾವ," ಎಂದರು ತ್ರ್ಯಂಬಕರಾಯರು.

ಶ್ರೀಪಾದರಾಯರು ತಿರುಗಲಿಲ್ಲ. "ಇಂದಿರಾ, ಬಂದವರಿಗೆ ಹೇಳು. ಇಲ್ಲಿದ್ದ ಮನಷ್ಯಾ ಅಳಿಸಿ ಹೋಗ್ಯಾನ. ತಲಿ ಏನರ ಬೇಕಾಗಿದ್ರ ರಾಮದುರ್ಗದಾಗ ಡ್ರಮ್ಮಿನ ಮ್ಯಾಲೆ ಅದ, ಅಲ್ಲೇ ಮಾತಾಡಸ್ರಿ ಅಂತ ಹೇಳು."

"ಕೇಳಿಸ್ತಲ್ಲ?" ಎಂದಳು ಅಕ್ಕ.

ತ್ರ್ಯಂಬಕರಾಯರು ಬಸ್ಸಿನಲ್ಲಿ ಎರಡು ತಾಸು ಕ್ಷಮಾಪಣೆಯ ಮಾತು ಹೊಂದಿಸಿಕೊಂಡಿದ್ದರು. ಬಾಯಿ ತೆರೆದಾಗ ಅದರಲ್ಲಿ ಒಂದೂ ಬರಲಿಲ್ಲ, ಸತ್ಯ ಬಂದುಬಿಟ್ಟಿತು.

"ಭಾವ, ದೇವರಾಣಿ, ನಾ ಅಳಸಲಿಕ್ಕೆ ಹೋಗಿದ್ದು ಡ್ರಮ್ಮು. ನೀವೂ ನೀಲಿ, ಅದೂ ನೀಲಿ. ಅಳಿಸಿದ ಮ್ಯಾಲೆ ಒಂದು ನೀಲಿ ಉಳದಿತ್ತು. ಚಾಳೀಸು ಹಾಕ್ಕೊಂಡಿರಲಿಲ್ಲ. ಡ್ರಮ್ಮು ನೋಡಿ ನಾ ಅದು ನೀವ ಅಂತ ತಿಳಕೊಂಡೆ!"

ತೂಗುಮಂಚ ನಿಂತಿತು. ವನಮಾಲಾಬಾಯಿ ಹಣೆ ಹಿಡಿದುಕೊಂಡಳು. ಶ್ರೀಪಾದರಾಯರು ನಿಧಾನವಾಗಿ, ಪೂರ್ತಿ, ಈ ಕಡೆ ತಿರುಗಿದರು.

"ಡ್ರಮ್ಮು ನೋಡಿ ನಾ ಅಂತ ತಿಳಕೊಂಡ್ಯಾ?"

"ನಿಂತ ಭಂಗಿ ಹಂಗ ಇತ್ತು ಭಾವ," ಎಂದು ತ್ರ್ಯಂಬಕರಾಯರು ವಿವರಿಸಿದರು.

ಆಗ ಚಾಪೆಯ ಕಡೆಯಿಂದ ಒಂದು ಸಪ್ಪಳ ಬಂತು. ಅಂಬಾಬಾಯಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಕುಣಿಯುತ್ತಿದ್ದವು. ಎಂಬತ್ತನಾಲ್ಕರ ಅಜ್ಜಿಗೆ ಏನೋ ಆಯಿತೆಂದು ಇಂದಿರಾಬಾಯಿ ನೀರು ತರಲು ಓಡಿದಳು. ಸೆರಗು ತೆಗೆದಾಗ ಅಜ್ಜಿಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ರಾಹು ಅಲ್ಲಾ ಏನೂ ಅಲ್ಲಾ," ಎಂದು ಅವರು ಪಂಚಾಂಗದಿಂದಲೇ ಗಾಳಿ ಹಾಕಿಕೊಂಡರು. "ಕಣ್ಣು ಕಾಣದ ಗಂಡಸು. ಇದಕ್ಕ್ಯಾಕ ಶಾಂತಿ? ಚಾಳೀಸು ಹಾಕ್ಕೋಳ್ಳಿಕ್ಕೆ ಹೇಳ್ರಿ, ಸಾಕು."

ಅಜ್ಜಿ ನಕ್ಕರೂ ಶ್ರೀಪಾದರಾಯರು ನಗಲಿಲ್ಲ. "ಅಲ್ಲೋ ತ್ರ್ಯಂಬಕ, ಅಷ್ಟು ಮಂದಿ ಸಾಲಾಗಿ ನಡುವ ನಿಂತಾಗ ನಾ ಒಬ್ಬಾಂವ ತುದೀಗೆ, ಆ ಡ್ರಮ್ಮಿನ ಹತ್ತರ ಯಾಕ ನಿಂತಿದ್ದೆ, ಗೊತ್ತದ ಏನು ನಿನಗ?"

ತ್ರ್ಯಂಬಕರಾಯರು ತಲೆ ಅಲ್ಲಾಡಿಸಿದರು.

"ಬೀಗರು ಬಿಸಲಾಗ ಬಂದು ಇಳದ್ರು. ನೀರು ಕೊಡಲಿಕ್ಕೆ ನಿಮ್ಮಲ್ಲಿ ಒಬ್ಬರೂ ಇರಲಿಲ್ಲ. ನೀ ಅಭಯನ ಅಪ್ಪಗ ನಿನ್ನ ಕಂಪ್ಯೂಟರ್ ತೋರಸ್ಲಿಕ್ಕೆ ಕರಕೊಂಡು ಹೋಗಿದ್ದಿ. ನಾ ಕೂಡಿಸಿದ ಸಂಬಂಧ, ಬಂದ ಮಂದಿ ನೀರಿಲ್ಲದ ಕೂಡಬಾರದಂತ ತೋಳು ಮಡಚಿ ಎಲ್ಲಾರಿಗೂ ತುಂಬಿ ತುಂಬಿ ಕೊಟ್ಟೆ. ಫೋಟೋ ತಗೀತಾರಂತ ಕರದಾಗ ಲೋಟ ಬೆನ್ನ ಹಿಂದ ಹಿಡಕೊಂಡು ಅಲ್ಲೇ ನಿಂತೆ."

"ನನಗೂ ಎರಡು ಲೋಟ ಕೊಟ್ರಲ್ಲ," ಎಂದರು ಅಜ್ಜಿ, ಈಗ ನಗದೆ. "ಬಿಸಲಿಗೆ ಕಣ್ಣು ಕತ್ತಲಿ ಬಂದಿತ್ತು, ನಾ ನಿಮ್ಮನ್ನ ಅಡಗೀಯವರು ಅಂತ ತಿಳಕೊಂಡಿದ್ದೆ."

ತ್ರ್ಯಂಬಕರಾಯರಿಗೆ ಆ ದಿನ ನೆನಪಾಯಿತು. ಬೀಗರಿಗೆ ತಾವು ಹತ್ತು ನಿಮಿಷ ಕೀಲಿಮಣೆಯ ಶಾಸ್ತ್ರ ಹೇಳಿದ್ದು ನೆನಪಾಯಿತು, ನೀರಿನ ನೆನಪು ಮಾತ್ರ ಎಲ್ಲಿಯೂ ಸಿಗಲಿಲ್ಲ. ಅವರು ಅಲ್ಲಿಯೇ ಭಾವನ ಕಾಲಿಗೆ ಅಡ್ಡಬೀಳಲು ಬಾಗಿದರು. ಸೊಂಟ ಹಿಡಿದುಕೊಂಡು ಅರ್ಧಕ್ಕೆ ಸಿಕ್ಕಿಬಿದ್ದಾಗ ಶ್ರೀಪಾದರಾಯರೇ ಕೈಹಿಡಿದು ಎತ್ತಬೇಕಾಯಿತು.

"ಏಳು, ಏಳು. ಮದುವೀ ಮನೀ ಯಜಮಾನ ನೀ, ನಡಾ ಹಿಡಕೊಂಡ್ರ ಕನ್ಯಾದಾನ ಹ್ಯಾಂಗ ಮಾಡಾಂವ?" ಎಂದರು. ದನಿ ಒರಟಾಗಿತ್ತು, ಹಿಡಿದ ಕೈ ಬಿಟ್ಟಿರಲಿಲ್ಲ.

ಅಂಬಾಬಾಯಿ ಪಂಚಾಂಗ ಮಡಚಿ ತೀರ್ಪು ಕೊಟ್ಟರು. ಮುಹೂರ್ತ ಇದ್ದಲ್ಲೇ ಇರಲಿ. ಫೋಟೋ ಹೇಗಿತ್ತೋ ಹಾಗೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿರಿ, ಡ್ರಮ್ಮೂ ಇರಲಿ, ನೀರು ಕೊಟ್ಟವರೂ ಇರಲಿ. ಇಂದಿರಾಬಾಯಿ ಒಳಗೆ ಹೋಗಿ ಶಿರಾ ಮಾಡಿದಳು. ತುಪ್ಪ ತುಸು ಹೆಚ್ಚೇ ಆಗಿತ್ತು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಭಾವ ಮೂರು ಸಲ.

ಇಳಿಹೊತ್ತಿಗೆ ಭಾವನೇ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದರು. ವನಮಾಲಾಬಾಯಿ ಬಸ್ಸು ಹತ್ತಿ ಸೀಟು ಹಿಡಿದಳು. ಶ್ರೀಪಾದರಾಯರು ಭಾವಮೈದುನನ ತೋಳು ಹಿಡಿದು ಶೇಂಗಾ ಮಾರುವವನ ಗಾಡಿಯ ಹಿಂದಕ್ಕೆ ಕರೆದೊಯ್ದರು. ಆ ಕಡೆ ಈ ಕಡೆ ನೋಡಿದರು. ಮೊಬೈಲಿನಲ್ಲಿ ಮೂಲ ಫೋಟೋ ತೆರೆದು, ತಮ್ಮ ಸಫಾರಿಯ ನಡುಭಾಗದ ಮೇಲೆ ಬೆರಳಿಟ್ಟು ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಕಟ್ಟ ಹಾಕಸೂದಕ್ಕಿಂತ ಮೊದಲ... ಇಲ್ಲಿ... ಈ ಹೊಟ್ಟಿ... ಒಂದೀಟು ಒಳಗ ಹೋಗೂ ಹಂಗ ಏನರ ಮಾಡ್ಲಿಕ್ಕೆ ಬರ್ತದ ಏನೋ? ನಿಮ್ಮಕ್ಕಗ ಹೇಳಬ್ಯಾಡ."

ತ್ರ್ಯಂಬಕರಾಯರು ಫೋಟೋ ನೋಡಿದರು. ಚಾಳೀಸು ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಆ ಆ್ಯಪಿನಲ್ಲಿ ಅದಕ್ಕೂ ಒಂದು ಗುಂಡಿಯಿತ್ತು. ಅದು ಎಲ್ಲಿದೆಯೆಂದೂ ಅವರಿಗೆ ಗೊತ್ತಿತ್ತು. ಬೆರಳ ತುದಿಗಳು ಒಂದು ಕ್ಷಣ ತುರಿಸಿದವು.

"ಇಲ್ಲ ಭಾವ," ಎಂದರು. "ಅದು ನನಗ ಬರೂದಿಲ್ಲ."

ಐವತ್ತೆಂಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಶ್ರೀಪಾದರಾಯರಿಗೆ ನಂಬಿಕೆಯಾಗಲಿಲ್ಲ.

"ಖರೇನ ಬರೂದಿಲ್ಲೇನೋ?"

"ಖರೇನ ಬರೂದಿಲ್ಲ."

ಕಂಡಕ್ಟರು ಸೀಟಿ ಊದಿದ. ರಾಯರು ಕೈಮುಗಿದು, ಓಡಿ ಬಸ್ಸು ಹತ್ತಿ, ಹೆಂಡತಿಯ ಪಕ್ಕದಲ್ಲಿ ಕೂತು ಉಸಿರು ಬಿಟ್ಟರು.

"ಮರೀಗೆ ಕರಕೊಂಡು ಹೋಗಿ ಏನಂದ್ರು?" ಎಂದು ಕೇಳಿದಳು ವನಮಾಲಾಬಾಯಿ.

"ಮದುವೀಗೆ ನಾಕು ದಿನ ಮೊದಲ ಬರ್ತಾರಂತ," ಎಂದರು ತ್ರ್ಯಂಬಕರಾಯರು, ಕಿಟಕಿಯ ಹೊರಗೆ ನೋಡುತ್ತ.